ಪುತ್ತರಿ ರಾತ್ರಿಯ ನಾಲ್ಕು ನಿಮಿಷ: ವಿಡಿಯೊ ಎಡಿಟಿಂಗ್‌ಗೆ ಮುಕ್ತ ತಂತ್ರಾಂಶ ಆರಿಸುವ ಬಗೆ

ನನ್ನ ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನ ಒಂದು ಕ್ಲಿಪ್ ಇದೆ. ಕೊಡಗಿನ ಸುಗ್ಗಿಯ ಹಬ್ಬ ಪುತ್ತರಿಯ ರಾತ್ರಿ ಪೊನ್ನಂಪೇಟೆ ಕಡೆಯ ಗದ್ದೆಯೊಂದರಲ್ಲಿ ನನ್ನ ಭಾವ ಮೊಬೈಲಿನಲ್ಲಿ ತೆಗೆದದ್ದು. ಮೊದಲ ಅರ್ಧ ನಿಮಿಷ ಬರೀ ಕತ್ತಲೆ, ಅದರೊಳಗೆ ಅಲುಗಾಡುವ ಟಾರ್ಚಿನ ಬೆಳಕು. ಆಮೇಲೆ ಬದುವಿನ ಮೇಲಿನಿಂದ ಕೋವಿಯ ಸದ್ದು, ಅದರ ಬೆನ್ನಿಗೇ ಕದಿರು ಕೊಯ್ಯುವವರ "ಪೊಲಿ ಪೊಲಿ ದೇವಾ" ಎಂಬ ಕೂಗು. ಕೊನೆಯಲ್ಲಿ ಎಲ್ಲರೂ ಕದಿರು ಹೊತ್ತು ಅಂಗಳಕ್ಕೆ ಬರುತ್ತಾರೆ. ಅಲ್ಲಿನ ಎಲ್‌ಇಡಿ ದೀಪದ ಕೆಳಗೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿದಾಡುತ್ತವೆ.

ಚಿತ್ರವಾಗಿ ನೋಡಿದರೆ ಇದು ಕೆಟ್ಟ ಕ್ಲಿಪ್. ಆದರೆ ಯಾವ ಹೊಸ ಎಡಿಟಿಂಗ್ ತಂತ್ರಾಂಶ ಕೈಗೆ ಬಂದರೂ ನಾನು ಮೊದಲು ಅದರೊಳಗೆ ಹಾಕುವುದು ಇದನ್ನೇ. ಕತ್ತಲು, ದೀಪದ ಮಿನುಗು, ಕಿವಿಗಡಚಿಕ್ಕುವ ಸದ್ದು, ಮೊಬೈಲಿನ ಏರಿಳಿಯುವ ಫ್ರೇಮ್ ರೇಟ್ (ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ) ಎಲ್ಲವೂ ಇದರಲ್ಲಿವೆ. ಇದನ್ನು ನಿಭಾಯಿಸಿದ ತಂತ್ರಾಂಶ ನನ್ನ ಉಳಿದ ಕೆಲಸವನ್ನೂ ನಿಭಾಯಿಸುತ್ತದೆ.

ಗೋಣಿಕೊಪ್ಪಲಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆ, ನಾಮಕರಣ, ಐನ್‌ಮನೆಯಲ್ಲಿ, ಅಂದರೆ ಮೂಲ ಮನೆಯಲ್ಲಿ, ಒಕ್ಕದವರು (ಒಂದೇ ಮನೆತನದವರು) ಸೇರುವ ದಿನ, ಹಾಕಿ ಪಂದ್ಯ, ಹೀಗೆ ವರ್ಷವಿಡೀ ಕೆಲಸ. "ಯಾವ ಎಡಿಟಿಂಗ್ ಸಾಫ್ಟ್‌ವೇರ್ ಒಳ್ಳೆಯದು?" ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ. ಕಳೆದ ಮಳೆಗಾಲದಲ್ಲಿ ಕೇಳಿದವಳು ನೆರೆಮನೆಯ ಹುಡುಗಿ, ಪದವಿ ಓದುತ್ತಿರುವವಳು. ತನ್ನ ಅಜ್ಜಿ ಹಳೆಯ ಕಾಲದ ಮದುವೆ, ನಾಟಿ, ಬೇಟೆಯ ಬಗ್ಗೆ ಹೇಳಿದ್ದನ್ನೆಲ್ಲ ಮೂರು ಗಂಟೆ ಮೊಬೈಲಿನಲ್ಲಿ ಹಿಡಿದಿದ್ದಳು. ಕೈಯಲ್ಲಿ ಅಣ್ಣ ಬಿಟ್ಟುಹೋದ 8 ಜಿಬಿ ರ್ಯಾಮ್‌ನ ಹಳೆಯ ಲ್ಯಾಪ್‌ಟಾಪ್. "ಮಾಮ, ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಬೇಡ. ಕದ್ದ ಕಾಪಿಯೂ ಬೇಡ," ಎಂದಳು. ಆ ಎರಡನೆಯ ಮಾತು ನನಗೆ ಬಹಳ ಇಷ್ಟವಾಯಿತು. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ, ನಾನೇಕೆ ಮುಕ್ತ ತಂತ್ರಾಂಶಕ್ಕೆ ಬಂದೆ ಎನ್ನುವುದು. 2019ರ ಆಗಸ್ಟಿನ ಮಳೆಯಲ್ಲಿ ನಮ್ಮ ಕಡೆ ಕರೆಂಟು ದಿನಗಟ್ಟಲೆ ಇರಲಿಲ್ಲ, ಮೊಬೈಲ್ ಗೋಪುರಗಳೂ ಸತ್ತಿದ್ದವು. ಜನರೇಟರ್ ಹಾಕಿಕೊಂಡು ಒಂದು ಮದುವೆಯ ಕೆಲಸ ಮುಗಿಸೋಣ ಎಂದು ಕುಳಿತರೆ, ತಿಂಗಳ ಬಾಡಿಗೆಯ ಎಡಿಟಿಂಗ್ ತಂತ್ರಾಂಶ ತೆರೆಯಲೇ ಇಲ್ಲ. ಅಂತರಜಾಲಕ್ಕೆ ಬಂದು ಖಾತೆಯನ್ನು ದೃಢಪಡಿಸಿ ಎಂದಿತು. ಎಲ್ಲಿಯ ಅಂತರಜಾಲ? ಚಿತ್ರ ನಾನು ತೆಗೆದದ್ದು, ಕತ್ತರಿಸಿದ್ದು ನಾನು, ಯಂತ್ರ ನನ್ನದು. ಆದರೂ ನನ್ನ ಕೆಲಸದ ಬಾಗಿಲಿನ ಕೀಲಿಕೈ ಇನ್ನೊಬ್ಬರ ಬಳಿ ಇತ್ತು. ಮದುಮಗಳ ತಂದೆಗೆ ಎರಡು ವಾರ ತಡವಾಗಿ ಪೆನ್‌ಡ್ರೈವ್ ಕೊಟ್ಟೆ. ಅವರು ಏನೂ ಅನ್ನಲಿಲ್ಲ, ಆದರೆ ನನ್ನ ಮನಸ್ಸಿಗೆ ಅದು ನಾಟಿತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಪುಕ್ಕಟೆ ಬೇರೆ, ಮುಕ್ತ ಬೇರೆ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶಕ್ಕೆ ಪುಕ್ಕಟೆ ಆವೃತ್ತಿ ಇದೆ, ಬಣ್ಣ ತಿದ್ದುವುದರಲ್ಲಿ ಅದು ನಿಜಕ್ಕೂ ಶಕ್ತಿಶಾಲಿ. ಆದರೆ ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಮುಚ್ಚಿದ್ದು. ಏನನ್ನು ಪುಕ್ಕಟೆ ಕೊಡಬೇಕು, ಏನನ್ನು ಕೊಡಬಾರದು ಎಂಬುದು ಕಂಪನಿಯ ಇಚ್ಛೆ. ಮುಕ್ತ ತಂತ್ರಾಂಶದಲ್ಲಿ ಮೂಲ ಸಂಕೇತ ಎಲ್ಲರ ಮುಂದೆ ಇರುತ್ತದೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್ ಎಂಬ ಮೂರು ಎಡಿಟಿಂಗ್ ತಂತ್ರಾಂಶಗಳೂ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಕೆಳಗೆ ಬರುತ್ತವೆ. "ಅದರಲ್ಲಿ ಮಾಡಿದ ಮದುವೆ ವಿಡಿಯೊಗೆ ದುಡ್ಡು ತೆಗೆದುಕೊಳ್ಳಬಹುದೇ?" ಎಂದು ಬಹಳ ಮಂದಿ ಕೇಳುತ್ತಾರೆ. ಖಂಡಿತ ತೆಗೆದುಕೊಳ್ಳಬಹುದು. ಪರವಾನಗಿ ಇರುವುದು ತಂತ್ರಾಂಶಕ್ಕೆ. ಅದರಿಂದ ನೀವು ಮಾಡಿದ ವಿಡಿಯೊ ನಿಮ್ಮದೇ.

ತಂತ್ರಾಂಶದ ಹೆಸರು ಹುಡುಕುವ ಮುಂಚೆ ನಿಮ್ಮ ಕ್ಲಿಪ್ ಯಾವ ಜಾತಿಯದು ಎಂದು ತಿಳಿಯಿರಿ. ಇದನ್ನು ಬಿಟ್ಟು ಮುಂದೆ ಹೋದವರೇ ಮುಕ್ಕಾಲು ಪಾಲು. ಮೀಡಿಯಾಇನ್ಫೊ ಎಂಬ ಸಣ್ಣ ಮುಕ್ತ ತಂತ್ರಾಂಶ ಇದೆ. ಅದರೊಳಗೆ ಕ್ಲಿಪ್ಪನ್ನು ಎಳೆದು ಬಿಟ್ಟರೆ ಅದರ ಜಾತಕವನ್ನೆಲ್ಲ ಬಿಚ್ಚಿಡುತ್ತದೆ. ಮೂರು ಸಾಲು ನೋಡಿದರೆ ಸಾಕು: ಕೋಡೆಕ್ ಯಾವುದು, ಚಿತ್ರದ ಅಳತೆ ಎಷ್ಟು, ಫ್ರೇಮ್ ರೇಟ್ ಸ್ಥಿರವೋ ಅಸ್ಥಿರವೋ.

ಕೋಡೆಕ್ ಎಂದರೆ ಚಿತ್ರವನ್ನು ಅಡಕಗೊಳಿಸಿದ ರೀತಿ. ಹಲವು ಹೊಸ ಫೋನುಗಳು ಎಚ್.265ನಲ್ಲಿ ಚಿತ್ರೀಕರಿಸುತ್ತವೆ. ಕಡತ ಸಣ್ಣದಾಗುತ್ತದೆ, ಆದರೆ ಅದನ್ನು ಬಿಚ್ಚಿ ತೋರಿಸಲು ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಎಚ್.264 ಅಷ್ಟು ಭಾರವಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಇದನ್ನು ಬದಲಿಸುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಮುಂದಿನ ಚಿತ್ರೀಕರಣಕ್ಕೆ ಮೊದಲೇ ಬದಲಿಸಿಕೊಳ್ಳಿ.

ಫ್ರೇಮ್ ರೇಟಿನ ವಿಷಯ ಇದಕ್ಕಿಂತ ದೊಡ್ಡದು. ಬೆಳಕು ಕಡಿಮೆಯಾದಾಗ ಫೋನು ಸೆಕೆಂಡಿಗೆ ತೆಗೆಯುವ ಚಿತ್ರಗಳನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಬೆಳಕು ಬಂದಾಗ ಮತ್ತೆ ಏರಿಸುತ್ತದೆ. ನನ್ನ ಪುತ್ತರಿ ಕ್ಲಿಪ್ಪಿನಲ್ಲಿ ಗದ್ದೆಯ ಕತ್ತಲಲ್ಲಿ ಒಂದು ವೇಗ, ಅಂಗಳದ ಬೆಳಕಿನಲ್ಲಿ ಇನ್ನೊಂದು ವೇಗ. ಟೈಮ್‌ಲೈನಿಗೆ, ಅಂದರೆ ಎಡಿಟರಿನಲ್ಲಿ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿಗೆ, ಇದು ಹಿಡಿಸುವುದಿಲ್ಲ. ಮೊದಲ ನಿಮಿಷ ಎಲ್ಲ ಸರಿಯಾಗಿರುತ್ತದೆ, ಮೂರನೆಯ ನಿಮಿಷಕ್ಕೆ ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಜನ ತಂತ್ರಾಂಶವನ್ನು ಬೈಯುತ್ತಾರೆ, ತಪ್ಪು ಕ್ಲಿಪ್ಪಿನದು. ಮದ್ದು ಸುಲಭ. ಹ್ಯಾಂಡ್‌ಬ್ರೇಕ್ ಎಂಬ ಮುಕ್ತ ತಂತ್ರಾಂಶದಲ್ಲಿ ಕ್ಲಿಪ್ಪನ್ನು ಸ್ಥಿರ ಫ್ರೇಮ್ ರೇಟಿಗೆ ಪರಿವರ್ತಿಸಿ, ಆಮೇಲೆ ಎಡಿಟಿಂಗಿಗೆ ತನ್ನಿ. ಶಾಟ್‌ಕಟ್ ಇಂಥ ಕ್ಲಿಪ್ಪನ್ನು ತಾನಾಗಿಯೇ ಗುರುತಿಸಿ, ಎಡಿಟಿಂಗಿಗೆ ಒಗ್ಗುವಂತೆ ಪರಿವರ್ತಿಸಲೇ ಎಂದು ಕೇಳುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ.

ಇನ್ನು ಆ ಕಪ್ಪು ಪಟ್ಟೆಗಳು. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದು. ಹಲವು ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಸೆಕೆಂಡಿಗೆ 30 ಫ್ರೇಮ್, ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/60 ಸೆಕೆಂಡು ಇಟ್ಟರೆ ತಾಳ ತಪ್ಪುತ್ತದೆ. 25 ಫ್ರೇಮ್, ಶಟರ್ 1/50 ಅಥವಾ 1/100 ಇಟ್ಟರೆ ಇಂಥ ದೀಪಗಳ ಕೆಳಗೆ ಪಟ್ಟೆ ಬರುವುದಿಲ್ಲ. ಇದನ್ನು ಎಡಿಟಿಂಗಿನಲ್ಲಿ ಪೂರ್ತಿ ತೆಗೆಯುವುದು ಕಷ್ಟ, ಯಾವ ತಂತ್ರಾಂಶದಿಂದಲೂ ಅದನ್ನು ನಿರೀಕ್ಷಿಸಬೇಡಿ.

ಈಗ ಹೆಸರುಗಳಿಗೆ ಬರೋಣ. ನನ್ನ ದಿನದ ಕೆಲಸ ನಡೆಯುವುದು ಕೆಡೆನ್‌ಲೈವ್‌ನಲ್ಲಿ. ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯದ ಯೋಜನೆ ಇದು. 2002ರಲ್ಲಿ ಶುರುವಾದದ್ದು, ಈಗಲೂ ನಿಂತಿಲ್ಲ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಸಿಗುತ್ತದೆ. ಎರಡು ಕ್ಯಾಮೆರಾದ ಮದುವೆ, ಬೇರೆಯಾಗಿ ಹಿಡಿದ ಧ್ವನಿ, ಮೇಲೆ ಟೈಟಲ್, ಕೆಳಗೆ ಸಬ್‌ಟೈಟಲ್ ಎಂದು ಐದಾರು ಪದರಗಳ ಕೆಲಸಕ್ಕೆ ಇದೇ ಸರಿ. ಮೊದಲ ದಿನ ಪರದೆಯ ತುಂಬ ಕಿಟಕಿಗಳನ್ನು ನೋಡಿ ಗಾಬರಿಯಾಗಬಹುದು. ಒಂದು ವಾರ ಕೊಡಿ.

ಶಾಟ್‌ಕಟ್ ಅದರ ದಾಯಾದಿ. ಎರಡರ ಹೊಟ್ಟೆಯಲ್ಲೂ ಎಂಎಲ್‌ಟಿ ಎಂಬ ಒಂದೇ ಎಂಜಿನ್ ಇದೆ, ಕಡತ ಓದುವ ಕೆಲಸಕ್ಕೆ ಎಫ್‌ಎಫ್‌ಎಂಪೆಗ್ ಇದೆ. ನೋಟ ಮಾತ್ರ ಹೆಚ್ಚು ಸರಳ. ವಿಂಡೋಸ್‌ಗೆ ಇದರ ಪೋರ್ಟಬಲ್ ಆವೃತ್ತಿ ಸಿಗುತ್ತದೆ. ಜಿಪ್ ಕಡತ ಬಿಚ್ಚಿ ಪೆನ್‌ಡ್ರೈವಿನಿಂದಲೇ ನಡೆಸಬಹುದು. ಶಾಲೆಯ ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದಿರುವಲ್ಲಿ ಮಕ್ಕಳಿಗೆ ಕಲಿಸಲು ನಾನು ಇದನ್ನೇ ಒಯ್ಯುತ್ತೇನೆ.

ಓಪನ್‌ಶಾಟ್ ಇನ್ನೂ ಸರಳ. ನಾಲ್ಕು ಫೋಟೊ, ಎರಡು ಕ್ಲಿಪ್, ಒಂದು ಹಾಡು ಜೋಡಿಸಿ ಹುಟ್ಟುಹಬ್ಬಕ್ಕೆ ಕಳುಹಿಸುವವರಿಗೆ ಸಾಕು. ಬ್ಲೆಂಡರ್ ಮುಖ್ಯವಾಗಿ ಮೂರು ಆಯಾಮದ ಚಿತ್ರಕ್ಕಾಗಿ ಇರುವುದು, ಒಳಗೆ ವಿಡಿಯೊ ಎಡಿಟರ್ ಕೂಡ ಇದೆ. ಬ್ಲೆಂಡರ್ ಈಗಾಗಲೇ ಬಲ್ಲವರಿಗೆ ಅದು ವರ, ಬರೀ ಕತ್ತರಿಸಿ ಅಂಟಿಸಲು ಅದನ್ನು ಕಲಿಯಹೊರಡಬೇಡಿ. ಫ್ಲೋಬ್ಲೇಡ್, ಪಿಟಿವಿ ಲಿನಕ್ಸ್ ಬಳಸುವವರಿಗೆ.

ಎಡಿಟರ್ ಅಲ್ಲದ ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಲಾಸ್‌ಲೆಸ್‌ಕಟ್. ನಮ್ಮ ಕೊಡವ ಮದುವೆಗಳಲ್ಲಿ ಗಂಗಾ ಪೂಜೆಯ ಹೊತ್ತು ನಿಮಗೆ ಗೊತ್ತಿರಬಹುದು. ಮದುಮಗಳು ನೀರಿನ ಕೊಡ ಹೊತ್ತು ಬರುತ್ತಿದ್ದರೆ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿ ಕಟ್ಟುತ್ತಾರೆ. ಅದು ಒಂದು ಗಂಟೆಯಾದರೂ ಮುಗಿಯುವುದಿಲ್ಲ, ಕ್ಯಾಮೆರಾ ನಿಲ್ಲಿಸುವ ಹಾಗೂ ಇಲ್ಲ. ಆ ಇಡೀ ಗಂಟೆಯನ್ನು ಟೈಮ್‌ಲೈನಿಗೆ ಎಳೆದರೆ ಯಂತ್ರ ಬಗ್ಗಿಹೋಗುತ್ತದೆ. ಲಾಸ್‌ಲೆಸ್‌ಕಟ್‌ನಲ್ಲಿ ಬೇಕಾದ ಹತ್ತು ತುಂಡುಗಳನ್ನು ಮೊದಲೇ ಕತ್ತರಿಸಿ ತೆಗೆದಿಡುತ್ತೇನೆ. ಅದು ಚಿತ್ರವನ್ನು ಮತ್ತೆ ಅಡಕಗೊಳಿಸುವುದಿಲ್ಲ, ಇದ್ದದ್ದನ್ನು ಇದ್ದ ಹಾಗೇ ತುಂಡು ಮಾಡುತ್ತದೆ. ಆದ್ದರಿಂದ ಗುಣಮಟ್ಟ ಕೂದಲೆಳೆಯಷ್ಟೂ ಇಳಿಯುವುದಿಲ್ಲ, ಕೆಲಸ ಕೂಡ ಕ್ಷಣಗಳಲ್ಲಿ ಮುಗಿಯುತ್ತದೆ. ಒಂದೇ ತೊಡಕು: ತುಂಡು ಕೀಫ್ರೇಮ್ (ಪೂರ್ಣ ಚಿತ್ರವಾಗಿ ಉಳಿಸಿದ ಫ್ರೇಮ್) ಇರುವಲ್ಲಿಂದಲೇ ಶುರುವಾಗಬೇಕಾಗುತ್ತದೆ, ನೀವು ಗುರುತು ಹಾಕಿದ ಜಾಗದಿಂದಲ್ಲ. ಎರಡು ಸೆಕೆಂಡು ಹಿಂದಿನಿಂದಲೇ ಕತ್ತರಿಸಿಕೊಳ್ಳಿ.

ಯಾವುದನ್ನೇ ಇಳಿಸಿಕೊಂಡರೂ ತಯಾರಕರ ಸ್ವಂತ ಜಾಲತಾಣದಿಂದ, ಇಲ್ಲವೇ ನಿಮ್ಮ ಲಿನಕ್ಸ್‌ನ ಭಂಡಾರದಿಂದ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತಿನ ಕೊಂಡಿಯನ್ನು ಒತ್ತಬೇಡಿ.

ಪರೀಕ್ಷೆಗೆ ಒಂದು ಸಂಜೆ ಇಟ್ಟುಕೊಳ್ಳಿ. ಕೆಡೆನ್‌ಲೈವ್, ಶಾಟ್‌ಕಟ್ ಎರಡನ್ನೂ ಹಾಕಿಕೊಂಡು, ನಿಮ್ಮಲ್ಲಿರುವ ಅತಿ ಕಷ್ಟದ ಕ್ಲಿಪ್ಪನ್ನು ಎರಡರಲ್ಲೂ ಓಡಿಸಿ. ಜಾಲದಲ್ಲಿ ಸಿಗುವ ಮಾದರಿ ಕ್ಲಿಪ್ ಬೇಡ, ಅದು ಎಲ್ಲದರಲ್ಲೂ ಚೆನ್ನಾಗಿಯೇ ಓಡುತ್ತದೆ.

ಚಿತ್ರ ತಡೆತಡೆದು ಓಡಿದರೆ ಕೈಬಿಡಬೇಡಿ, ಪ್ರಾಕ್ಸಿ ಹಾಕಿ. ಎರಡರಲ್ಲೂ ಈ ಸೌಲಭ್ಯವಿದೆ. ದೊಡ್ಡ ಕ್ಲಿಪ್ಪಿನ ಒಂದು ಸಣ್ಣ, ಹಗುರ ಪ್ರತಿಯನ್ನು ತಂತ್ರಾಂಶವೇ ತಯಾರಿಸಿಕೊಳ್ಳುತ್ತದೆ. ಕತ್ತರಿಸುವಾಗ ನಿಮಗೆ ಕಾಣುವುದು ಆ ಹಗುರ ಪ್ರತಿ, ಕೊನೆಯಲ್ಲಿ ರೆಂಡರ್ ಆಗುವುದು, ಅಂದರೆ ಅಂತಿಮ ವಿಡಿಯೊ ತಯಾರಾಗುವುದು, ಮೂಲದಿಂದ. ಕೆಡೆನ್‌ಲೈವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದರೆ ಪ್ರಾಕ್ಸಿ ಎಂಬ ಪುಟವೇ ಇದೆ. ಶಾಟ್‌ಕಟ್‌ನಲ್ಲಿ ಸೆಟ್ಟಿಂಗ್ಸ್ ಪಟ್ಟಿಯೊಳಗೆ ಸಿಗುತ್ತದೆ. ಆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಅಜ್ಜಿಯ 4ಕೆ ಚಿತ್ರ ಮೊದಲು ನಿಂತು ನಿಂತು ಓಡುತ್ತಿತ್ತು. ರಾತ್ರಿ ಪ್ರಾಕ್ಸಿಗೆ ಹಾಕಿಟ್ಟು ಮಲಗಿದಳು, ಬೆಳಿಗ್ಗೆ ಅಜ್ಜಿಯ ಮಾತು ತಡೆಯಿಲ್ಲದೆ ಹರಿಯಿತು. ಅವಳು ಓಡಿಬಂದು ಹೇಳಿದ್ದು ಅದನ್ನೇ: "ಮಾಮ, ಈಗ ನಿಲ್ಲುತ್ತಿಲ್ಲ!" ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪಿನ ಯೋಚನೆ ಆಮೇಲೆ.

ಎರಡನೆಯ ಪರೀಕ್ಷೆ ಕನ್ನಡದ್ದು. ಟೈಟಲ್ ತೆರೆದು "ಕೈಲ್ ಮುಹೂರ್ತ" ಎಂದು ಬರೆಯಿರಿ. ರ್ತದಲ್ಲಿ ಅರ್ಕಾವೊತ್ತು ತನ್ನ ಜಾಗದಲ್ಲಿ ಕುಳಿತಿದೆಯೇ? "ಸಂಕ್ರಮಣ" ಬರೆಯಿರಿ, ಕಕ್ಕೆ ರ ಒತ್ತು ಸರಿಯಾಗಿ ಸುತ್ತಿಕೊಂಡಿದೆಯೇ? "ಜ್ಞಾನ", "ಸ್ತ್ರೀ" ಬರೆದು ನೋಡಿ. ಒತ್ತಕ್ಷರ ಬೇರೆಯಾಗಿ ಬಿದ್ದುಕೊಂಡಿದ್ದರೆ, ಅಥವಾ ನಡುವೆ ಚುಕ್ಕೆಯ ವೃತ್ತ ಕಂಡರೆ, ಆ ತಂತ್ರಾಂಶದಲ್ಲಿ ಕನ್ನಡದ ಕೆಲಸ ಮಾಡಲಾಗದು. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡೂ ಕ್ಯುಟಿ ಎಂಬ ತಳಹದಿಯ ಮೇಲೆ ನಿಂತಿರುವುದರಿಂದ ಯೂನಿಕೋಡ್ (ಈಗ ಎಲ್ಲ ಯಂತ್ರಗಳಲ್ಲೂ ನಡೆಯುವ ಅಕ್ಷರ ಸಂಕೇತ) ಕನ್ನಡವನ್ನು ಸರಿಯಾಗಿ ಜೋಡಿಸುತ್ತವೆ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ ಹಾಕಿಕೊಳ್ಳಿ. ಅವೂ ಮುಕ್ತ ಪರವಾನಗಿಯವೇ.

ಇಲ್ಲಿ ನಮ್ಮ ಕಡೆ ಎಲ್ಲರೂ ಎಡವುವುದು ಲಗ್ನಪತ್ರಿಕೆಯಿಂದ. ಮುದ್ರಣಾಲಯದಿಂದ ಪತ್ರಿಕೆಯ ಕಡತ ತರಿಸಿ, ವಧೂವರರ ಹೆಸರನ್ನು ನಕಲು ಮಾಡಿ ಟೈಟಲಿಗೆ ಅಂಟಿಸುತ್ತಾರೆ. ಬರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಆ ಕಡತ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ರೋಮನ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ರೂಪ ತೊಡಿಸಿದ ಫಾಂಟು) ಇರುವುದೇ ಕಾರಣ. ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ನಾನಾದರೋ ಎಷ್ಟೇ ಉದ್ದವಿದ್ದರೂ ಹೊಸದಾಗಿ ಬೆರಳಚ್ಚು ಮಾಡಿ, ಮನೆಯವರಿಗೆ ಕಳುಹಿಸಿ ಒಪ್ಪಿಗೆ ಪಡೆಯುತ್ತೇನೆ. ನಮ್ಮಲ್ಲಿ ಮನೆತನದ ಹೆಸರಿನ ಒಂದು ದೀರ್ಘ ತಪ್ಪಿದರೂ ಅದು ಬೇರೆ ಮನೆಯವರದಾಗಿಬಿಡುತ್ತದೆ.

ಸಬ್‌ಟೈಟಲ್ ಕೆಲಸಕ್ಕೆ ನಾನು ನೆಚ್ಚುವುದು ಕೆಡೆನ್‌ಲೈವ್. ಮಾತನ್ನು ಕೇಳಿ ತಾನೇ ಬರೆದುಕೊಳ್ಳಲು ವಿಸ್ಪರ್ ಎಂಬ ಮಾದರಿಯನ್ನು ಅದಕ್ಕೆ ಜೋಡಿಸಬಹುದು, ಅದಕ್ಕೆ ಕನ್ನಡವೂ ಗೊತ್ತು. ತಿದ್ದುವ ಕೆಲಸ ಬೇಕಾದಷ್ಟು ಉಳಿಯುತ್ತದೆ. ಕೊಡವರ ನುಡಿಯಾದ ಕೊಡವ ತಕ್ಕ್ ಅದರ ಪಟ್ಟಿಯಲ್ಲಿಲ್ಲ, ಕೊಡಗಿನ ಇನ್ನೊಂದು ನುಡಿಯಾದ ಅರೆಭಾಷೆಯೂ ಇಲ್ಲ. ಅಜ್ಜಿ ಮಾತಾಡಿದ್ದೆಲ್ಲ ಕೊಡವ ತಕ್ಕಿನಲ್ಲಿ. ಹಾಗಾಗಿ ಹುಡುಗಿ ಕೈಯಿಂದಲೇ ಸಾಲು ಸಾಲಾಗಿ ಬರೆದಳು: ಮೇಲಿನ ಸಾಲಿನಲ್ಲಿ ಅಜ್ಜಿಯ ಮಾತು ಕನ್ನಡ ಲಿಪಿಯಲ್ಲಿ, ಕೆಳಗೆ ಕನ್ನಡದ ಅರ್ಥ. ಬರೆಯುತ್ತಾ ಹೋದಂತೆ ತನಗೇ ಗೊತ್ತಿಲ್ಲದ ಎಷ್ಟೋ ಪದಗಳು ಸಿಕ್ಕಿದವು. ಅಡುಗೆಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬರುತ್ತಿದ್ದಳು. ಆ ಸಾಲುಗಳನ್ನು ಎಸ್‌ಆರ್‌ಟಿ ಕಡತವಾಗಿ ಬೇರೆಯೇ ಉಳಿಸಿಕೊಳ್ಳಲು ಹೇಳಿದೆ. ಅದು ಬರೀ ಪಠ್ಯ. ಯಾವ ಯಂತ್ರದಲ್ಲೂ ತೆರೆಯುತ್ತದೆ, ವಿಡಿಯೊ ಇಲ್ಲದೆಯೂ ಓದಬಹುದು.

ಧ್ವನಿಯ ವಿಷಯಕ್ಕೆ ಎಡಿಟರುಗಳನ್ನೇ ನೆಚ್ಚಬೇಡಿ, ಆಡಾಸಿಟಿ ಎಂಬ ಧ್ವನಿ ತಿದ್ದುವ ಮುಕ್ತ ತಂತ್ರಾಂಶ ಇಟ್ಟುಕೊಳ್ಳಿ. ಮಾತಿಲ್ಲದ ಎರಡು ಸೆಕೆಂಡು ಗದ್ದಲವನ್ನು ಆಯ್ದು ಅದಕ್ಕೆ ಮಾದರಿಯಾಗಿ ತೋರಿಸಿದರೆ, ಉಳಿದ ಕಡೆಯೂ ಅಂಥ ಗದ್ದಲವನ್ನು ತಗ್ಗಿಸುತ್ತದೆ. ಫ್ಯಾನಿನ ಗುಂಯ್‌ಗುಡುವಿಕೆ ಚೆನ್ನಾಗಿ ಹೋಗುತ್ತದೆ. ತಗಡಿನ ಮಾಡಿನ ಮೇಲೆ ಬೀಳುವ ನಮ್ಮ ಆಷಾಢದ ಮಳೆ ಹೋಗುವುದಿಲ್ಲ. ಹೆಚ್ಚು ಒತ್ತಾಯಿಸಿದರೆ ಮಾತೇ ನೀರಿನೊಳಗಿಂದ ಬಂದಂತೆ ಕೇಳಿಸುತ್ತದೆ. ಪುತ್ತರಿ ಕ್ಲಿಪ್ಪಿನ ಕೋವಿಯ ಸದ್ದು ಅಲೆಯ ಚಿತ್ರದಲ್ಲಿ ಮೇಲಿನ ಗೆರೆಗೆ ಬಡಿದು ಚಪ್ಪಟೆಯಾಗಿದೆ. ಚಪ್ಪಟೆಯಾದ ಮೇಲೆ ಅದರ ಒಳಗಿದ್ದದ್ದು ಮರಳಿ ಬರುವುದಿಲ್ಲ. ಆ ಒಂದು ಕ್ಷಣದ ಧ್ವನಿಯನ್ನು ತಗ್ಗಿಸಿ, ನಂತರದ ಕೂಗನ್ನು ಸ್ವಲ್ಪ ಏರಿಸುತ್ತೇನೆ, ಅಷ್ಟೆ.

ಮೂರನೆಯ ಪರೀಕ್ಷೆಯನ್ನು ಕೊಡಗಿನಲ್ಲಿ ಇರುವವರು ತಪ್ಪದೆ ಮಾಡಬೇಕು. ಅರ್ಧ ಗಂಟೆ ಕೆಲಸ ಮಾಡಿ, ಉಳಿಸದೆ, ತಂತ್ರಾಂಶವನ್ನು ಬಲವಂತವಾಗಿ ಮುಚ್ಚಿ. ಕರೆಂಟು ಹೋದಾಗ ಆಗುವುದು ಇದೇ ತಾನೇ? ಮತ್ತೆ ತೆರೆದಾಗ ಎಷ್ಟು ಕೆಲಸ ಮರಳಿ ಬಂತು ನೋಡಿ. ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ತಾವಾಗಿ ಉಳಿಸಿಕೊಂಡ ಪ್ರತಿಯನ್ನು ಮುಂದಿಡುತ್ತವೆ. ಕೆಡೆನ್‌ಲೈವ್ ಹಳೆಯ ಬ್ಯಾಕಪ್ ಪ್ರತಿಗಳನ್ನೂ ಇಟ್ಟಿರುತ್ತದೆ, ನಿನ್ನೆಯ ಸ್ಥಿತಿಗೆ ಹಿಂದಿರುಗಬೇಕೆಂದರೆ ಅದಕ್ಕೂ ದಾರಿ ಇದೆ.

ನಾಲ್ಕನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಉಳಿಸಿದ ಪ್ರಾಜೆಕ್ಟ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎರಡರದ್ದೂ ಎಕ್ಸ್‌ಎಂಎಲ್, ಅಂದರೆ ಓದಬಹುದಾದ ಪಠ್ಯ. ಒಮ್ಮೆ ನನ್ನ ಹಳೆಯ ಡಿಸ್ಕ್ ಕೆಟ್ಟಾಗ ಕ್ಲಿಪ್‌ಗಳನ್ನು ಬ್ಯಾಕಪ್‌ನಿಂದ ಹೊಸ ಡಿಸ್ಕಿಗೆ ಹಾಕಿದೆ. ವಿಂಡೋಸ್ ಡಿಸ್ಕಿಗೆ ಕೊಡುವ ಗುರುತಿನ ಅಕ್ಷರ "E:" ಇದ್ದದ್ದು "F:" ಆಯಿತು. ಪ್ರಾಜೆಕ್ಟ್ ತೆರೆದರೆ ಕ್ಲಿಪ್‌ಗಳು ಸಿಗುತ್ತಿಲ್ಲ ಎಂದಿತು. ಕೆಡೆನ್‌ಲೈವ್‌ಗೆ ಹೊಸ ಜಾಗ ತೋರಿಸಿದರೆ ತಾನೇ ಹುಡುಕಿಕೊಳ್ಳುತ್ತದೆ, ಆದರೂ ಕುತೂಹಲಕ್ಕೆ ಆ ಕಡತದ ಒಂದು ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಸಾಲು ಸಾಲಾಗಿ ನನ್ನ ಕ್ಲಿಪ್‌ಗಳ ಹೆಸರು, ಎಲ್ಲಿಂದ ಎಲ್ಲಿಗೆ ಕತ್ತರಿಸಿದೆ ಎಂಬ ಅಂಕಿ, ನಾನು ಬರೆದ ಕನ್ನಡ ಟೈಟಲ್, ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು. ಕ್ಲಿಪ್‌ಗಳ ವಿಳಾಸದಲ್ಲಿ "E:" ಇದ್ದಲ್ಲೆಲ್ಲ "F:" ಎಂದು ಒಂದೇ ಬಾರಿಗೆ ಬದಲಿಸಿ ಉಳಿಸಿದೆ. ಪ್ರಾಜೆಕ್ಟ್ ತೆರೆಯಿತು. ಅವತ್ತು ನನಗಾದ ನೆಮ್ಮದಿಯನ್ನು ಹೇಗೆ ಹೇಳಲಿ? ಹದಿನೈದು ವರ್ಷದ ಹಿಂದೆ ಇನ್ನೊಂದು ತಂತ್ರಾಂಶದಲ್ಲಿ ಮಾಡಿದ ಮದುವೆಗಳ ಪ್ರಾಜೆಕ್ಟುಗಳು ನನ್ನಲ್ಲಿವೆ. ಅವನ್ನು ತೆರೆಯುವ ತಂತ್ರಾಂಶ ಈಗ ಮಾರುಕಟ್ಟೆಯಲ್ಲೇ ಇಲ್ಲ, ಕಡತದ ಒಳಗೇನಿದೆ ಎಂದು ಯಾರಿಗೂ ಓದಲಾಗುವುದಿಲ್ಲ. ಆ ಮದುವೆಗಳಲ್ಲಿ ಕುಣಿದ ಹಿರಿಯರಲ್ಲಿ ಅನೇಕರು ಈಗಿಲ್ಲ. ಅವರ ಮಕ್ಕಳು ಬಂದು, ಅಪ್ಪ ಇರುವ ಭಾಗವನ್ನಷ್ಟೇ ಬೇರೆ ಮಾಡಿ ಕೊಡಿ ಎಂದು ಕೇಳಿದಾಗ ಡಿವಿಡಿಯಿಂದ ತೆಗೆದ ಮಸುಕು ಚಿತ್ರವನ್ನೇ ಕೊಡಬೇಕಾಗಿದೆ.

ಹಾಗಾಗಿ ಕೆಲಸ ಮುಗಿದ ದಿನವೇ ಕೆಡೆನ್‌ಲೈವ್‌ನ ಆರ್ಕೈವ್ ಆಯ್ಕೆಯನ್ನು ಬಳಸಿ. ಅದು ಪ್ರಾಜೆಕ್ಟನ್ನೂ ಅದಕ್ಕೆ ಬೇಕಾದ ಎಲ್ಲ ಕ್ಲಿಪ್‌ಗಳನ್ನೂ ಒಂದೇ ಜಾಗದಲ್ಲಿ ಕೂಡಿಸಿಡುತ್ತದೆ. ಜೊತೆಗೆ ಬಳಸಿದ ಫಾಂಟನ್ನೂ ನಾನು ಹಾಕಿಡುತ್ತೇನೆ. ಒಂದು ಪ್ರತಿ ಸ್ಟುಡಿಯೊದಲ್ಲಿ, ಇನ್ನೊಂದು ಮೈಸೂರಿನಲ್ಲಿರುವ ತಂಗಿಯ ಮನೆಯಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಗೋಡೆಗೂ ಬೂಸ್ಟು ಹಿಡಿಯುತ್ತದೆ, ಡಿಸ್ಕುಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಯಾದ ಡಬ್ಬಿಯಲ್ಲಿಡಿ.

ಹುಡುಗಿ ಎರಡು ಸಂಜೆ ಕುಳಿತು ಎರಡೂ ತಂತ್ರಾಂಶಗಳನ್ನು ಪರೀಕ್ಷಿಸಿದಳು. ಶಾಟ್‌ಕಟ್ ಅವಳ ಕೈಗೆ ಬೇಗ ಒಗ್ಗಿತು, ಆದರೆ ಎರಡು ಸಾಲಿನ ಸಬ್‌ಟೈಟಲ್ ಕೆಲಸಕ್ಕೆ ಕೆಡೆನ್‌ಲೈವ್‌ನಲ್ಲೇ ಉಳಿದಳು. ಮೂರು ಗಂಟೆಯ ಮಾತು ಈಗ ನಲವತ್ತು ನಿಮಿಷಕ್ಕೆ ಬಂದಿದೆ. ಬೇಟೆಯ ಭಾಗದಲ್ಲಿ ಅಜ್ಜಿ ಒಂದು ಪದವನ್ನು ಎರಡು ರೀತಿ ಉಚ್ಚರಿಸಿದ್ದಾರೆ. ಯಾವುದನ್ನು ಬರೆಯಬೇಕೆಂದು ಕೇಳಲು ಅವಳು ನಾಳೆ ನಾಪೋಕ್ಲಿನಲ್ಲಿರುವ ಅಜ್ಜಿಯ ತಂಗಿಯ ಮನೆಗೆ ಹೋಗುತ್ತಿದ್ದಾಳೆ. ಅದು ತಿಳಿದ ಮೇಲೆ ರೆಂಡರ್.